ಎರಡು ಹೆಸರು, ಒಂದೇ ಗೂಢಚಾರಿ ಚಿತ್ರ: ಯಾವ ಡಿವಿಡಿ ಇಟ್ಟುಕೊಳ್ಳಬೇಕು?

ಬೇರೆ ಬೇರೆ ಹೆಸರಿನ ಎರಡು ಹಳೆಯ ಗೂಢಚಾರಿ ಡಿವಿಡಿ ಇವೆ, ಒಂದು ನಾಲ್ಕು ನಿಮಿಷ ಕಡಿಮೆ, ತುಟಿಗೂ ಮಾತಿಗೂ ಹೊಂದುವುದಿಲ್ಲ, ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳಿದ್ದೀರಿ. ಹೆಸರು ಬೇರೆಯಾದರೂ ನಿಮ್ಮ ಎರಡೂ ಡಿವಿಡಿಯಲ್ಲಿರುವುದು ಬಹುಶಃ ಒಂದೇ ಚಿತ್ರ. ಜೇಮ್ಸ್ ಬಾಂಡ್ ಚಿತ್ರಗಳ ಅಲೆಯ ಬೆನ್ನಿಗೆ ಇಟಲಿ, ಸ್ಪೇನ್, ಫ್ರಾನ್ಸ್ ಸೇರಿ ಅಗ್ಗದಲ್ಲಿ ಮಾಡಿದ ಇಂಥ ಚಿತ್ರಗಳಿಗೆ ದೇಶಕ್ಕೊಂದು ಹೆಸರಿಡುತ್ತಿದ್ದರು. ಬಾಂಡ್ ಪಾತ್ರದ ನಟ ಶಾನ್ ಕಾನರಿಯ ತಮ್ಮ ನೀಲ್ ನಟಿಸಿದ 1967ರ ‘ಓಕೆ ಕಾನರಿ’ಯೇ ‘ಆಪರೇಷನ್ ಕಿಡ್ ಬ್ರದರ್’ ಕೂಡ.

ನಾಲ್ಕು ನಿಮಿಷದ ವ್ಯತ್ಯಾಸ ಮೊದಲು ನೋಡಿ. 100 ನಿಮಿಷದ್ದು 96 ಆಗಿದ್ದರೆ, ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸಿರುತ್ತಾರೆ. ಒಂದೇ ಶಾಟನ್ನು ಎರಡರಲ್ಲೂ ಸ್ಟಾಪ್‌ವಾಚ್ ಹಿಡಿದು ಅಳೆಯಿರಿ: 50 ಸೆಕೆಂಡಿನದು 48ಕ್ಕೆ ಇಳಿದರೆ ಬರೀ ವೇಗದ ವಿಷಯ. ಎರಡರಲ್ಲೂ 50 ಬಂದರೆ ದೃಶ್ಯ ಕತ್ತರಿಸಿದ್ದಾರೆ. ಯಾವ ದೇಶದ ಕತ್ತರಿ ಎಂದು ಇಷ್ಟರಿಂದ ಹೇಳಲಾಗದು.

ಆಮೇಲೆ ಅಗಲ. 2.35:1ರ (ಎತ್ತರದ 2.35 ಪಟ್ಟು ಅಗಲದ) ಚಿತ್ರವನ್ನು ಹಳೆಯ ಟಿವಿಯ 4:3 ಆಕಾರಕ್ಕೆ ಅಂಚು ಕತ್ತರಿಸಿ ಇಳಿಸಿದರೆ ಚೌಕಟ್ಟಿನ ಶೇ. 40ಕ್ಕೂ ಹೆಚ್ಚು ಹೋಗುತ್ತದೆ. ಇಬ್ಬರು ಮಾತಾಡುವಾಗ ಅಂಚಿನಲ್ಲಿ ಬರೀ ಮೂಗು ಕಂಡರೆ ಆ ಪ್ರತಿ ಬೇಡ, ಅವಧಿ ಪೂರ್ತಿ ಇದ್ದರೂ.

ತುಟಿ ಹೊಂದದಿರುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಬ್ಬೊಬ್ಬ ನಟ ಒಂದೊಂದು ಭಾಷೆಯಲ್ಲಿ ಮಾತಾಡಿ, ಧ್ವನಿಯನ್ನೆಲ್ಲ ಆಮೇಲೆ ಕೂರಿಸುತ್ತಿದ್ದರು. ಗುಂಡಿನ ಸದ್ದೂ ತಡವಾಗಿ ಕೇಳಿಸಿದರೆ ಮಾತ್ರ ಪ್ಲೇಯರ್‌ನ ಆಡಿಯೊ ಡಿಲೇಯನ್ನು (ಧ್ವನಿಯನ್ನು ಹಿಂದೆ ಮುಂದೆ ಸರಿಸುವ ಸೆಟ್ಟಿಂಗ್) ಒಂದು ಸಲಕ್ಕೆ 50 ಮಿಲಿಸೆಕೆಂಡಿನಷ್ಟೇ ಸರಿಸುತ್ತಾ ಹೊಂದಿಸಿ.