ಬಯಾಪ್ಸಿ ಆದಮೇಲೆ ಅಮ್ಮನಿಗೆ ಮೂತ್ರದಲ್ಲಿ ರಕ್ತ. ಕಿಡ್ನಿಯಲ್ಲಿ ಎವಿ ಫಿಸ್ಟುಲಾ ಅಂತಾರೆ. ಕಿಡ್ನಿ ತೆಗೆಯಲೇಬೇಕಾ?

ನಿಮ್ಮಮ್ಮನಿಗೆ ಬಯಾಪ್ಸಿಯಿಂದ ಬಂದದ್ದು ನಮ್ಮಪ್ಪನಿಗೆ ಕಲ್ಲಿನ ಆಪರೇಷನ್‌ನಿಂದ ಬಂತು. ಕಿಡ್ನಿ ತೆಗೆಯಲಿಲ್ಲ. ಈಗಲೂ ಮದ್ದೂರಿನ ಹತ್ತಿರ ಕಬ್ಬಿನ ಗದ್ದೆಗೆ ಹೋಗಿಬರ್ತಾರೆ.

ಬೆನ್ನಿನಲ್ಲಿ ತೂತು ಮಾಡಿ ಕಲ್ಲು ತೆಗೆದು ಮನೆಗೆ ಕಳಿಸಿದ್ದರು. ಒಂಬತ್ತನೇ ದಿನ ಮೂತ್ರ ಬೀಟ್‌ರೂಟ್ ಬೇಯಿಸಿದ ನೀರಿನ ಹಾಗೆ, ಮಧ್ಯಾಹ್ನಕ್ಕೆ ಹೆಪ್ಪುಹೆಪ್ಪು ರಕ್ತ. ಮೈಸೂರಿಗೆ ಓಡಿದೆವು. ರಕ್ತನಾಳ ನೋಡುವ ಸ್ಕ್ಯಾನ್‌ಗಳು, ಡಾಪ್ಲರ್, ಸಿಟಿ ಆಂಜಿಯೋ ಆಯ್ತು. ಫಿಸ್ಟುಲಾ ಅಂದದ್ದೇ ತಡ, ಊರಿನಿಂದ ಒಬ್ಬರು ಫೋನಲ್ಲೇ ಭಗಂದರಕ್ಕೆ ನಾಟಿ ಔಷಧಿ ಹೇಳಿದರು. ನಮ್ಮತ್ತೆ ಡಯಾಲಿಸಿಸ್ ಶುರುವಾಯ್ತಾ ಅಂತ ಅತ್ತರು. ಎರಡೂ ಅಲ್ಲ. (ಗುದದ ಹತ್ತಿರ ಆಗುವ ಭಗಂದರಕ್ಕೂ ಫಿಸ್ಟುಲಾ ಅಂತಾರೆ, ಡಯಾಲಿಸಿಸ್‌ಗೆ ಕೈಯಲ್ಲಿ ಬೇಕಂತಲೇ ಮಾಡುವ ರಕ್ತನಾಳಗಳ ಕೂಡಿಕೆಗೂ ಇದೇ ಹೆಸರು.)

ಅಪ್ಪನಿಗೆ ನಾನು ನಾಲೆ ಲೆಕ್ಕದಲ್ಲಿ ಹೇಳಿದೆ: ನೀರು ಗದ್ದೆಯಲ್ಲಿ ಹಾಯ್ದು ಬಸಿಗಾಲುವೆಗೆ ಇಳಿಯಬೇಕು. ನಿಮ್ಮಲ್ಲಿ ಏರಿ ಒಡೆದು ನಾಲೆ ನೀರು ಸೀದಾ ಬಸಿಗಾಲುವೆಗೆ ನುಗ್ತಿದೆ. ಅಪಧಮನಿ ಅಭಿಧಮನಿಗೆ ಕೂಡಿಕೊಂಡಿದೆ. "ಹಂಗಾದ್ರೆ ಆ ತೂತು ಮುಚ್ಲಿ, ಗದ್ದೆ ಯಾಕ್ ಅಗೀತಾರೆ?" ಅಂದರು. ಮಾಡಿದ್ದೂ ಅದನ್ನೇ.

ಮಾಡುವವರು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್. ಹೊಟ್ಟೆ ಕುಯ್ಯುವುದಿಲ್ಲ. ತೊಡೆಸಂದಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಲಿಂದ ತೆಳ್ಳನೆ ಕೊಳವೆ ತೂರಿಸಿ, ಡೈ ಬಿಟ್ಟು ಪರದೆ ನೋಡುತ್ತಾ ಸೋರುವ ಕವಲಿನ ತನಕ ಹೋಗಿ ಅದನ್ನು ಮುಚ್ಚಲು ಪ್ಲಾಟಿನಂ ಕಾಯಿಲ್ (ಸುರುಳಿ ತಂತಿ) ಇಟ್ಟರು. ಕೆಲವರಿಗೆ ಅಂಟಿನಂಥ ದ್ರವ ಬಿಡ್ತಾರೆ. ಆ ಕವಲು ಸಾಕುತ್ತಿದ್ದ ಚೂರು ಕಿಡ್ನಿ ಸಾಯುತ್ತದೆ, ಉಳಿದದ್ದು ಉಳಿಯುತ್ತದೆ. ಅಪರೂಪಕ್ಕೆ ಕಾಯಿಲ್ ಜಾರಿ ಶ್ವಾಸಕೋಶ ಸೇರುವುದೂ ಉಂಟು. ಸಹಿ ಹಾಕುವ ಮುಂಚೆ ಅದನ್ನು ಕೇಳಿ.

ಅಪ್ಪನಿಗೆ ಕಷ್ಟವಾದದ್ದು ಆಮೇಲೆ ಆರು ಗಂಟೆ ಕಾಲು ಮಡಚದೆ ಮಲಗಿದ್ದದ್ದು. ಬೀಡಿಗೆ ಬೇಡಿದ್ದೇ ಬೇಡಿದ್ದು. ಮೂರು ದಿನ ಸಣ್ಣ ಜ್ವರ, ಪಕ್ಕೆನೋವು. ಇದಾದಮೇಲೆ ಹಾಗಾಗುವುದು ಸಾಮಾನ್ಯವಂತೆ. ಮೂತ್ರ ಮಾರನೇ ದಿನವೇ ತಿಳಿಯಾಯಿತು.

ನಿಮ್ಮಮ್ಮನಿಗೆ ಕಾಯಿಲ್ ಕೂಡ ಬೇಕಾಗದೇ ಇರಬಹುದು. ಬಯಾಪ್ಸಿಯಿಂದಾದವು ಬಹುಪಾಲು ತಾವೇ ಮುಚ್ಚಿಕೊಳ್ತವೆ. ರಕ್ತ ನಿಲ್ಲದಿದ್ದರೆ, ಹಿಮೋಗ್ಲೋಬಿನ್ ಇಳಿಯುತ್ತಿದ್ದರೆ, ಬಿಪಿ ಏರುತ್ತಿದ್ದರೆ ಆಗ ಕಾಯಿಲ್ ಮಾತು. ಆದರೆ ಬಯಾಪ್ಸಿ ಮಾಡಿಸಿದ್ದಾರೆಂದರೆ ಕಿಡ್ನಿ ಮೊದಲೇ ಸೊರಗಿರಬಹುದು, ಡೈ ಅದಕ್ಕೆ ಭಾರ. ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ ಕ್ರಿಯಾಟಿನಿನ್ ಎಷ್ಟಿದೆ ಕೇಳಿ. ಶುಗರ್‌ಗೆ ಮೆಟ್‌ಫಾರ್ಮಿನ್, ಹೃದಯಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಬಾಯಿಬಿಟ್ಟು ಹೇಳಿ. ರಕ್ತ ಹೆಪ್ಪುಗಟ್ಟಿ ಮೂತ್ರ ಕಟ್ಟಿದರೆ, ತಲೆ ಸುತ್ತಿ ಮೈ ಬೆವತರೆ, ನಡುರಾತ್ರಿಯಾದರೂ ಸರಿ, ಹೊರಟುಬಿಡಿ.