ಗೆಳೆಯನ 'ನಾಳೆ'ಯಿಂದ ಪ್ರಾಜೆಕ್ಟ್ ನಿಂತಿದೆ

ಪ್ರಶ್ನೆ: ನಾವು ನಾಲ್ವರು ಎಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದೇವೆ. ನವಲಗುಂದ ಕಡೆಯ ಎರೆಹೊಲಕ್ಕೆ, ಮಣ್ಣಿನ ತೇವ ನೋಡಿ ಪಂಪ್ ತಾನೇ ಶುರುವಾಗುವ ಪ್ರಾಜೆಕ್ಟ್ ನಮ್ಮದು. ತೇವ ಅಳೆಯುವ ಸೆನ್ಸರ್ ಕೆಲಸ ಒಬ್ಬ ಗೆಳೆಯನದು. ಕೇಳಿದಾಗಲೆಲ್ಲ 'ನಾಳೆ ಕೊಡ್ತೇನಿ ಬಿಡಲೇ' ಅಂತಾನೆ. ಜಾಣ, ಕೊನೆಗೆ ಮಾಡೇ ಮಾಡ್ತಾನೆ. ಆದರೆ ಉಳಿದವರಿಗೆ ಸಿಟ್ಟು ಬಂದಿದೆ. ಗೆಳೆತನ ಕೆಡದ ಹಾಗೆ ಏನು ಮಾಡಲಿ?
– ಓದುಗ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: 'ಕೊನೆಗೆ ಮಾಡೇ ಮಾಡ್ತಾನೆ' ಅನ್ನೋದನ್ನು ಮೊದಲು ಬಿಡಿ. ಒಬ್ಬನೇ ಕೂತು ಬರೆಯುವ ಪರೀಕ್ಷೆಗೆ ಅದು ನಡೆದೀತು, ಟೀಮಿಗೆ ನಡೆಯಲ್ಲ. ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ಸೆನ್ಸರ್ ಪಕ್ಕ ಗಾಳಿ ಸೇರುತ್ತದೆ, ರೀಡಿಂಗ್ ತಪ್ಪುತ್ತದೆ. ಅದಕ್ಕೇ ಅದೇ ಹೊಲದ ಮಣ್ಣನ್ನು ಡಬ್ಬಿಗೆ ತುಂಬಿ, ನೀರು ಹಾಕಿ, ಅದು ನಿಧಾನಕ್ಕೆ ಒಣಗುವಾಗ ದಿನಾ ತೂಕವನ್ನೂ (ಎಷ್ಟು ನೀರು ಉಳಿದಿದೆ ಅಂತ ಅದರಿಂದ ಗೊತ್ತಾಗುತ್ತದೆ) ರೀಡಿಂಗನ್ನೂ ಬರೆದಿಟ್ಟು ಎರಡನ್ನೂ ಹೊಂದಿಸಬೇಕು. ಅವನು ಕೊನೆ ವಾರ ಎಷ್ಟೇ ಚೆನ್ನಾಗಿ ಮಾಡಿಕೊಟ್ಟರೂ, ನೀವೆಲ್ಲ ರಾತ್ರಿಯಿಡೀ ಎದ್ದು ಕೂತರೂ ಮಣ್ಣು ಬೇಗ ಒಣಗಲ್ಲ, ಅಲ್ವಾ? ಅವನ ತಡಕ್ಕೆ ಬಲಿಯಾಗೋದು ಉಳಿದವರು ತಪ್ಪು ಹುಡುಕಿ ತಿದ್ದುವ ಸಮಯ. ಡೆಮೊ ದಿನ ಪಂಪ್ ಶುರುವಾಗದಿದ್ದರೆ ನಾಲ್ವರೂ ತಲೆ ತಗ್ಗಿಸಬೇಕು.

ಹಾಗಂತ ಸೋಮಾರಿ ಅಂತ ಬೈಯಬೇಡಿ. ಕೆಲಸ ಮುಂದೂಡುವ ಎಷ್ಟೋ ಜನ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದೆ, ಇಲ್ಲವೇ ತಪ್ಪಾದೀತು ಅಂತ ಹೆದರಿ, ಆ ಕಸಿವಿಸಿ ಮರೆಯೋಕೆ ಬೇರೇನೋ ಮಾಡ್ತಾ ಕೂರುತ್ತಾರೆ. ಜಾಣರಲ್ಲೂ ಇದು ಇದೆ. 'ಯಾವಾಗ ಕೊಡ್ತಿ?' ಅನ್ನಬೇಡಿ. ಲ್ಯಾಬಿನಲ್ಲಿ ಪಕ್ಕ ಕೂತು 'ಎಲ್ಲಿ ಸಿಕ್ಕೊಂಡೈತಿ, ತೋರ್ಸು' ಅನ್ನಿ.

ಆಮೇಲೆ ದಿನಾಂಕ. ಡ್ಯಾನ್ ಏರಿಯಲಿ ಮತ್ತು ಕ್ಲೌಸ್ ವೆರ್ಟೆನ್‌ಬ್ರೋಕ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಮೂರು ಪ್ರಬಂಧ ಬರೆಯಬೇಕಿತ್ತು. ದಿನಾಂಕವನ್ನು ತಾವೇ ಆರಿಸಿಕೊಂಡ ತರಗತಿಗಿಂತ, ಸಮ ಅಂತರದಲ್ಲಿ ದಿನಾಂಕ ಗೊತ್ತು ಮಾಡಿಕೊಟ್ಟ ತರಗತಿಗೆ ಜಾಸ್ತಿ ಅಂಕ ಬಂತು. ನೀವೂ 'ತಿಂಗಳ ಕೊನೆಗೆ ಸೆನ್ಸರ್' ಅಂತ ಇಡಬೇಡಿ. ಈ ಶುಕ್ರವಾರ ಪರದೆ ಮೇಲೆ ಬರೀ ಒಂದು ಅಂಕಿ ಬರಲಿ, ಅದು ತಪ್ಪಿದ್ದರೂ ಸರಿ. ಮುಂದಿನ ಶುಕ್ರವಾರ ಒಣಮಣ್ಣು, ಹಸಿಮಣ್ಣು ಎರಡರ ರೀಡಿಂಗ್. ಅರ್ಧಂಬರ್ಧ ಕೊಟ್ಟರೂ ಯಾರೂ ನಗಬಾರದು, ನಕ್ಕರೆ ಅವನು ಮತ್ತೆ ಬಚ್ಚಿಡುತ್ತಾನೆ.

ಒಂದು ಮಾತ್ರ ಮಾಡಬೇಡಿ: ಸುಮ್ನೆ ಅವನ ಕೆಲಸ ನೀವೇ ಮಾಡಿ ಮುಗಿಸೋದು. ಗೆಳೆತನ ಕೆಡೋದು ಹೆಚ್ಚಾಗಿ ಅಲ್ಲೇ, ನೀವು ಒಳಗೊಳಗೇ ಕುದಿಯುತ್ತೀರಿ, ಅವನಿಗೆ ಏನೂ ಗೊತ್ತೇ ಆಗಲ್ಲ. ಎರಡು ಶುಕ್ರವಾರ ತಪ್ಪಿದರೆ ಅವನನ್ನೂ ಕೂರಿಸಿಕೊಂಡೇ ಗೈಡ್ ಹತ್ತಿರ ಮಾತಾಡಿ. ಸೆನ್ಸರ್ ಇನ್ನೊಬ್ಬರು ತಗೊಳ್ಳಲಿ, ಅವನಿಗೆ ಪ್ರಾಜೆಕ್ಟಿನ ಬೇರೆ ಕೆಲಸ ಕೊಡಿ.