ಹೊಸ ವಿಳಾಸದ ರಿಯಾಯಿತಿ ಎಲ್ಲಿಯ ತನಕ?

ಪ್ರಶ್ನೆ: ಬದಿಯಡ್ಕ ಕಡೆ ನಾವು ಕೆಲವರು ಸೇರಿ ಕೇಬಲ್ ಇಂಟರ್ನೆಟ್ ನಡೆಸುತ್ತೇವೆ. ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6ಗೆ ಬದಲಾಗುವ ಮನೆಗಳಿಗೆ ತಿಂಗಳ ಬಿಲ್ಲಿನಲ್ಲಿ 50 ರೂಪಾಯಿ ಬಿಡುತ್ತಿದ್ದೇವೆ. ಬರುವ ವಿಷುವಿಗೆ ನಿಲ್ಲಿಸೋಣ ಎಂದು ಕೆಲವರು, ಎಲ್ಲ ಮನೆ ಬದಲಾಗಲಿ ಎಂದು ಉಳಿದವರು. ಯಾವುದು ಸರಿ?

ಉತ್ತರ: ಎರಡೂ ಬೇಡ. ಎಲ್ಲ ಮನೆ ಬದಲಾಗಲಿ ಎಂದು ಕಾದರೆ ಅದಕ್ಕೆ ಕೊನೆಯಿಲ್ಲ. ಐಪಿವಿ6 ರೂಪುಗೊಂಡದ್ದು 1990ರ ದಶಕದಲ್ಲಿ. ಹಳೆಯ ಪದ್ಧತಿಯಾದ ಐಪಿವಿ4ರ ಸುಮಾರು 430 ಕೋಟಿ ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಬರಿದಾಯಿತು. ಆದರೂ ಜಗತ್ತು ಇನ್ನೂ ಪೂರ್ತಿ ಬದಲಾಗಿಲ್ಲ.

ಹೊಸ ಕನೆಕ್ಷನ್‌ಗಳಿಗೆ ರಿಯಾಯಿತಿ ಈ ತಿಂಗಳೇ ನಿಲ್ಲಲಿ. ಈಗಿನ ಫೈಬರ್ ಮೋಡೆಮ್‌ಗಳಲ್ಲಿ ಸಾಮಾನ್ಯವಾಗಿ ಐಪಿವಿ6 ಇದ್ದೇ ಇರುತ್ತದೆ. ನಿಮ್ಮ ಹುಡುಗರು ಕೂರಿಸುವಾಗಲೇ ಆನ್ ಮಾಡಿ ಬಂದರಾಯಿತು. ಒಮ್ಮೆ ಆನ್ ಆದ ಮೇಲೆ ಫೋನು, ಟಿವಿ ತಾವಾಗಿಯೇ ಹೊಸ ದಾರಿ ಹಿಡಿಯುತ್ತವೆ. ಯೂಟ್ಯೂಬ್, ಫೇಸ್‌ಬುಕ್ ಅದರಲ್ಲೇ ಓಡುತ್ತವೆ. ಅದನ್ನು ಹುಡುಕಿ ಆಫ್ ಮಾಡುವವರು ಯಾರಿದ್ದಾರೆ? ಹಾಗಿರುವಾಗ ತಿಂಗಳು ತಿಂಗಳು ಬಿಡುವ 50 ರೂಪಾಯಿಯಿಂದ ಹೊಸದಾಗಿ ಏನೂ ಆಗುವುದಿಲ್ಲ.

ಆ ಹಣ ಬೇಕಾದದ್ದು ಹಳೆಯ ಸಾಮಾನು ಇಟ್ಟುಕೊಂಡವರಿಗೆ. ನೀರ್ಚಾಲಿನ ಒಂದು ಮನೆಯಲ್ಲಿ ನೋಡಿದ್ದೇನೆ: ಅಡಿಕೆ ಒಣಗಿಸುವ ಅಂಗಳಕ್ಕೆ ಎರಡು ಕ್ಯಾಮೆರಾ, ಒಳಗೆ ಅವುಗಳ ದೃಶ್ಯ ದಾಖಲಿಸುವ, ಐಪಿವಿ4 ಮಾತ್ರ ಬಲ್ಲ ಡಿವಿಆರ್ ಪೆಟ್ಟಿಗೆ. ಒಂದು ಹಳೆಯ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದರಿಂದ ಬೆಂಗಳೂರಿನ ಮಗನಿಗೆ ಅಂಗಳ ನೇರವಾಗಿ ಸಿಗುತ್ತಿರಲಿಲ್ಲ. ಡಿವಿಆರ್, ರೌಟರ್ ಎರಡನ್ನೂ ಬದಲಿಸಿದ ಮೇಲೆ ಆ ಪೆಟ್ಟಿಗೆಗೆ ತನ್ನದೇ ವಿಳಾಸ ಬಂತು, ಐಪಿವಿ6 ಇರುವ ಜಿಯೋ ಸಿಮ್‌ನ ಫೋನಿನಲ್ಲಿ ಮಗ ನೇರ ನೋಡುತ್ತಾನೆ. (ಹೊರಗಿನವರನ್ನು ತಡೆಯುವ ಫೈರ್‌ವಾಲ್‌ನಲ್ಲಿ ಆ ಒಂದಕ್ಕೆ ಮಾತ್ರ ಅನುಮತಿ ಕೊಡಿ, ಪಾಸ್‌ವರ್ಡ್ ಗಟ್ಟಿಯಿರಲಿ.) ಇಂಥವರಿಗೆ ರೌಟರ್ ಕೊಳ್ಳುವಾಗ ಒಂದೇ ಸಲ ಕೈ ಹಿಡಿಯಿರಿ.

ಈ ಸಹಾಯ ನಿಲ್ಲಿಸುವ ದಿನಕ್ಕೆ ಪಂಚಾಂಗ ನೋಡಬೇಡಿ, ರಾತ್ರಿ 8 ಗಂಟೆಯ ಡೇಟಾ ಗ್ರಾಫ್ ನೋಡಿ. ಎಷ್ಟು ಮನೆ ಹೆಸರು ಬರೆಸಿದೆ ಎಂಬ ಲೆಕ್ಕಕ್ಕೆ ಅರ್ಥವಿಲ್ಲ; ಡೇಟಾ ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬುದೇ ಮುಖ್ಯ. ಅರ್ಧಕ್ಕಿಂತ ಹೆಚ್ಚು ಐಪಿವಿ6ನಲ್ಲಿ ಹೋಗಿ, ಅದು ಮೂರು ತಿಂಗಳು ಹಾಗೆಯೇ ನಿಂತರೆ, ಹಳೆಯ ವಿಳಾಸಗಳನ್ನು ಇನ್ನಷ್ಟು ಬಾಡಿಗೆಗೆ ತರುವ ಖರ್ಚು ನಿಮಗೆ ತಪ್ಪಿತೆಂದೇ ಲೆಕ್ಕ. ಆಗ ಬಿಲ್ಲಿನಲ್ಲೇ ಅಚ್ಚು ಹಾಕಿಸಿ: ಆರು ತಿಂಗಳ ನಂತರ ಸಹಾಯ ಇಲ್ಲ. ಗಡುವು ಗೊತ್ತಾದರೆ ಮುಂದೂಡುತ್ತಿದ್ದವರೂ ಹೊರಡುತ್ತಾರೆ. ಅಕ್ಷಯ ಕೇಂದ್ರ (ಕೇರಳದ ಸರ್ಕಾರಿ ಆನ್‌ಲೈನ್ ಸೇವಾ ಕೇಂದ್ರ), ಸೊಸೈಟಿಗಳಿಗೆ ಇನ್ನೂ ಸ್ವಲ್ಪ ಸಮಯ ಕೊಡಿ. ಅವರ ಯಂತ್ರ ನಿಂತರೆ ಊರಿಗೇ ತೊಂದರೆ.

ರಿಯಾಯಿತಿ ನಿಂತರೂ ಐಪಿವಿ4 ಮಾತ್ರ ನಿಲ್ಲಿಸಬೇಡಿ. ಅದರಲ್ಲೇ ಇರುವ ವೆಬ್‌ಸೈಟ್‌ಗಳು ಇನ್ನೂ ಬೇಕಾದಷ್ಟಿವೆ.